ಕನ್ಸೋಲ್ ಆಟಕ್ಕೆಂದು ಹಾಕಿಸಿದ ಫೈಬರ್ ಬ್ರಾಡ್‌ಬ್ಯಾಂಡ್: ಎರಡೂವರೆ ವರ್ಷದ ಬಳಕೆಯ ನಂತರ

ರಾತ್ರಿ ಒಂಬತ್ತಾಯಿತೆಂದರೆ ಆಟ ಕೆಡುತ್ತಿತ್ತು. ನಾನು ಹೆಚ್ಚಾಗಿ ಆಡುವುದು ಇಬ್ಬರು ಎದುರುಬದುರಾಗಿ ಹೋರಾಡುವ ಫೈಟಿಂಗ್ ಆಟಗಳನ್ನು. ಎದುರಾಳಿ ಕೈ ಎತ್ತಿದ್ದು ಕಂಡ ಕೂಡಲೇ ತಡೆಯ ಬಟನ್ ಒತ್ತಬೇಕು. ಅದಕ್ಕೆ ಸಿಗುವ ಸಮಯ ಕೆಲವೇ ಫ್ರೇಮ್‌ಗಳಷ್ಟು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್. ಒಂಬತ್ತರ ನಂತರ ಎದುರಾಳಿ ಕೈ ಎತ್ತುವುದೇ ಕಾಣುತ್ತಿರಲಿಲ್ಲ. ಸುಮ್ಮನೆ ನಿಂತಿದ್ದವನ ಏಟು ಮರುಕ್ಷಣದಲ್ಲಿ ನನ್ನ ಪಾತ್ರಕ್ಕೆ ಬಿದ್ದಾಗಿರುತ್ತಿತ್ತು, ಇಬ್ಬರೂ ನಿಂತ ಜಾಗದಿಂದ ತಟ್ಟನೆ ಜಿಗಿದು ಬೇರೆಲ್ಲೋ ಕಾಣಿಸಿಕೊಳ್ಳುತ್ತಿದ್ದರು. ಆಟ ನಿಲ್ಲಿಸಿ ಸ್ಪೀಡ್ ಟೆಸ್ಟ್ ಮಾಡಿದರೆ 200 ಎಂಬಿಪಿಎಸ್ ಪ್ಲಾನಿಗೆ 196 ಬರುತ್ತಿತ್ತು. ಹಣ ಕೊಟ್ಟಷ್ಟು ವೇಗ ಸಿಗುತ್ತಿರುವಾಗ ಏನೆಂದು ದೂರು ಕೊಡುವುದು? ಇದಕ್ಕೆ ಉತ್ತರ ಸಿಗಲು ಹನ್ನೊಂದು ತಿಂಗಳು ಹಿಡಿಯಿತು. ಬೇರೆಯವರಿಗೆ ಅಷ್ಟು ಕಾಲ ಹಿಡಿಯದಿರಲಿ ಎಂಬುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ಲಾನ್ ಆರಿಸುವಾಗ ನನ್ನ ಕೈಯಲ್ಲಿದ್ದ ಹಣಕ್ಕೆ ಮಧ್ಯಮ ಮಟ್ಟದ್ದು ಎಟುಕುತ್ತಿತ್ತು, ಅದನ್ನೇ ತೆಗೆದುಕೊಂಡೆ. ಡೌನ್‌ಲೋಡ್ ವೇಗವನ್ನು ಮಾತ್ರ ನೋಡಿದ್ದೆ, ಅಪ್‌ಲೋಡ್ ಎಷ್ಟೆಂದು ಕೇಳಿರಲಿಲ್ಲ. ಅದು 20 ಎಂಬಿಪಿಎಸ್ ಎಂದು ತಿಳಿದದ್ದು ತಿಂಗಳುಗಳ ನಂತರ. ಆಟ ನಡೆಯುತ್ತಿರುವಾಗ ಕನ್ಸೋಲ್ ಬಳಸುವ ಡೇಟಾ ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಅನ್ನೂ ಮುಟ್ಟುವುದಿಲ್ಲ, ಏಕೆಂದರೆ ಎರಡೂ ಕಡೆಯಿಂದ ಹೋಗುವುದು ಯಾವ ಬಟನ್ ಒತ್ತಲಾಯಿತು, ಯಾರು ಎಲ್ಲಿದ್ದಾರೆ ಎಂಬ ಪುಟ್ಟ ಪುಟ್ಟ ಪ್ಯಾಕೆಟ್‌ಗಳು ಮಾತ್ರ. ದೊಡ್ಡ ವೇಗ ಬೇಕಾಗುವುದು ಆಟವನ್ನು ಇಳಿಸಿಕೊಳ್ಳುವಾಗ. 100 ಜಿಬಿಯ ಆಟ 200 ಎಂಬಿಪಿಎಸ್‌ನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಏಳು ನಿಮಿಷದಲ್ಲಿ ಇಳಿಯುತ್ತದೆ, 100 ಎಂಬಿಪಿಎಸ್‌ನಲ್ಲಿ ಅದರ ಎರಡರಷ್ಟು ಹೊತ್ತು. ರೆಸ್ಟ್ ಮೋಡ್‌ನಲ್ಲಿಟ್ಟು ಮಲಗುವ ನನ್ನಂಥವನಿಗೆ ಈ ಎರಡರ ನಡುವೆ ಏನೂ ವ್ಯತ್ಯಾಸವಿಲ್ಲ.

ಮೊದಲು ನನ್ನ ಅನುಮಾನ ಹೋದದ್ದು ವೈಫೈ ಮೇಲೆ, ಅದು ಪೂರ್ತಿ ತಪ್ಪೂ ಆಗಿರಲಿಲ್ಲ. ರೌಟರ್ ಒಂದು ಕೋಣೆಯಲ್ಲಿ, ಪ್ಲೇಸ್ಟೇಷನ್ 5 ಎರಡು ಗೋಡೆ ದಾಟಿ ಇನ್ನೊಂದು ಕೋಣೆಯಲ್ಲಿ. 5 ಗಿಗಾಹರ್ಟ್ಸ್ ಸಂಕೇತ ಅಲ್ಲಿಗೆ ಬರುವಷ್ಟರಲ್ಲಿ ಸೊರಗುತ್ತಿತ್ತು; 2.4 ಗಿಗಾಹರ್ಟ್ಸ್ ತಲುಪುತ್ತಿತ್ತಾದರೂ ಅಕ್ಕಪಕ್ಕದ ಮನೆಗಳ ರೌಟರ್, ಬ್ಲೂಟೂತ್ ಸಾಧನ, ಮೈಕ್ರೋವೇವ್ ಒಲೆ ಎಲ್ಲವೂ ಆ ಕಿರಿದಾದ ಜಾಗದಲ್ಲೇ ಮಾತಾಡುತ್ತವೆ, ಮತ್ತು ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ ಮೂರು. ಹಾಗಾಗಿ ಒಂದು ರಜೆಯ ದಿನ ಹದಿನೆಂಟು ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದು, ಗೋಡೆಯ ಬುಡದ ಪಟ್ಟಿಯ ಉದ್ದಕ್ಕೂ ಮೊಳೆ ಇರುವ ಸಣ್ಣ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಒಂದೊಂದು ಅಡಿಗೆ ಬಡಿದು, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೇಬಲ್ ಮಡಚಿಕೊಳ್ಳದಂತೆ ಅಗಲವಾಗಿ ತಿರುಗಿಸಿ, ಕನ್ಸೋಲಿನ ಬೆನ್ನಿಗೆ ತಂದು ಸೇರಿಸಿದೆ. ಆ ಪ್ಲಗ್ಗು ಟಕ್ಕೆಂದು ಕೂರುವ ಸದ್ದು ಈಗಲೂ ನನಗೆ ಇಷ್ಟ. ಈ ಒಂದು ಕೆಲಸವನ್ನು ಯಾರೇ ಆಗಲಿ ಮೊದಲು ಮಾಡಬೇಕು. ಅಲ್ಲಿಯವರೆಗೆ 18ರಿಂದ 45 ಮಿಲಿಸೆಕೆಂಡ್‌ಗಳ ನಡುವೆ ಓಲಾಡುತ್ತಿದ್ದ ಪಿಂಗ್, ಅಂದರೆ ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಸಮಯ, 18, 19ಕ್ಕೆ ಬಂದು ನಿಂತಿತು. ಮಧ್ಯಾಹ್ನ ಆಡಿದರೆ ಎದುರಾಳಿ ಪಕ್ಕದಲ್ಲೇ ಕುಳಿತಂತೆ ಇರುತ್ತಿತ್ತು.

ರಾತ್ರಿ ಒಂಬತ್ತಕ್ಕೆ ಮಾತ್ರ ಮತ್ತದೇ ಕಥೆ.

ಆಗ ನನಗೆ ಬಂದ ಬೇಸರವನ್ನು ಕಡಿಮೆ ಮಾಡಿ ಹೇಳಲಾರೆ. ಸಂಪರ್ಕ ಕೊಟ್ಟ ಕಂಪನಿಗೆ ಹಲವು ಬಾರಿ ಕರೆ ಮಾಡಿದೆ. ಪ್ರತಿ ಬಾರಿಯೂ ಅವರು ವೇಗವನ್ನು ಅಳೆದು, ಎಲ್ಲವೂ ಸರಿಯಾಗಿದೆ ಎಂದು ದೂರನ್ನು ಮುಚ್ಚಿದರು. ಕೊನೆಗೆ ಒಬ್ಬರು, ಆಟಕ್ಕೆ ಈ ವೇಗ ಸಾಲದು, ಮೇಲಿನ ಪ್ಲಾನಿಗೆ ಬನ್ನಿ ಎಂದರು. ನಂಬಿ 300ಕ್ಕೆ ಏರಿದೆ. ಮೂರು ತಿಂಗಳು ಹೆಚ್ಚಿನ ಹಣ ಕಟ್ಟಿದೆ, ಆಟ ಒಂದು ಕೂದಲೆಳೆಯಷ್ಟೂ ಸುಧಾರಿಸಲಿಲ್ಲ, ಮತ್ತೆ 200ಕ್ಕೇ ಇಳಿದೆ. ಆ ಪ್ಲಾನಿನಲ್ಲಿಯೂ ಅಪ್‌ಲೋಡ್ 20 ಎಂಬಿಪಿಎಸ್ಸೇ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಗ್ರಾಹಕನ ತೊಂದರೆ ಯಾವುದೆಂದು ಕೇಳದೆ ದೊಡ್ಡ ಪ್ಲಾನ್ ಮಾರುವ ಈ ಅಭ್ಯಾಸದ ಬಗ್ಗೆ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ.

ಸುಳಿವು ಸಿಕ್ಕಿದ್ದು ಅಕ್ಕ ಒಂದು ವಾರ ಊರಿನಲ್ಲಿ ಇಲ್ಲದಿದ್ದಾಗ. ಆ ಏಳು ರಾತ್ರಿಯೂ ಆಟ ಒಮ್ಮೆಯೂ ಕೆಡಲಿಲ್ಲ. ಅವಳು ಮರಳಿದ ದಿನ ಒಂಬತ್ತಕ್ಕೆ ಮತ್ತೆ ಶುರುವಾಯಿತು. ಅಕ್ಕ ಕೆಲಸದಿಂದ ಬಂದು ಫೋನನ್ನು ಚಾರ್ಜಿಗೆ ಹಾಕುವುದು ಆ ಹೊತ್ತಿಗೆ. ಫೋನ್ ಚಾರ್ಜಿನಲ್ಲಿದ್ದು ವೈಫೈಗೆ ಸೇರಿದ್ದರೆ ದಿನವಿಡೀ ತೆಗೆದ ಫೋಟೊ, ವಿಡಿಯೊಗಳೆಲ್ಲ ತಾವಾಗಿಯೇ ಬ್ಯಾಕಪ್ ಆಗುವಂತೆ ಇಟ್ಟಿದ್ದಳು. "ಅಕ್ಕಾ, ಒಂದು ನಿಮಿಷ ಫೋನನ್ನು ಚಾರ್ಜಿನಿಂದ ತೆಗಿ" ಎಂದು ಕೂಗಿ, ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡಿಸಿಟ್ಟು ನೋಡಿದೆ. ತೆಗೆದಾಗ 18, 18, 19. ಹಾಕಿಸಿದೆ: ಕೆಲವು ಸೆಕೆಂಡುಗಳಲ್ಲಿ 90, 210, 340, 380. ತೆಗೆಸಿದೆ: 18. ಈ ಸಂಖ್ಯೆಗಳು ಸಾಲು ಸಾಲಾಗಿ ಪರದೆಯ ಮೇಲೆ ಏರಿ ಇಳಿಯುವುದನ್ನು ನೋಡಿದಾಗ, ಹನ್ನೊಂದು ತಿಂಗಳಿನಿಂದ ಹುಡುಕುತ್ತಿದ್ದ ಕಳ್ಳ ಮನೆಯೊಳಗೇ ಸಿಕ್ಕಿದಂತಾಯಿತು.

ತಪ್ಪು ಅಕ್ಕನದ್ದಾಗಲಿ ಫೋನಿನದ್ದಾಗಲಿ ಅಲ್ಲ. ಫೋನ್ ವೈಫೈ ಮೂಲಕ ರೌಟರಿಗೆ ಕಳಿಸುವ ವೇಗ ದೊಡ್ಡದು, ರೌಟರಿನಿಂದ ಆಚೆ ಹೋಗುವ ದಾರಿ 20 ಎಂಬಿಪಿಎಸ್‌ನಷ್ಟು ಕಿರಿದು. ಉಳಿದ ಪ್ಯಾಕೆಟ್‌ಗಳು ರೌಟರಿನ ಬಫರ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಸರತಿ ನಿಲ್ಲುತ್ತವೆ. ಆ ಬಫರ್ ಒಂದು ಮೆಗಾಬೈಟ್ ಇದೆ ಎಂದುಕೊಳ್ಳಿ. ಅದು ತುಂಬಿದ ಮೇಲೆ ಖಾಲಿಯಾಗಲು 20 ಎಂಬಿಪಿಎಸ್‌ನಲ್ಲಿ 400 ಮಿಲಿಸೆಕೆಂಡ್ ಬೇಕು. ನನ್ನ ಕನ್ಸೋಲಿನ ಪುಟ್ಟ ಪ್ಯಾಕೆಟ್ ಆ ಇಡೀ ಸಾಲಿನ ಹಿಂದೆ ನಿಂತು ತನ್ನ ಸರದಿ ಕಾಯಬೇಕು, ಅಷ್ಟರಲ್ಲಿ ಆಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಫ್ರೇಮ್ ಕಳೆದುಹೋಗಿರುತ್ತವೆ. ಇಂದಿನ ಹಲವು ಫೈಟಿಂಗ್ ಆಟಗಳು ರೋಲ್‌ಬ್ಯಾಕ್ ಎಂಬ ವಿಧಾನದಿಂದ ಎದುರಾಳಿ ಏನು ಒತ್ತಿರಬಹುದೆಂದು ಮುಂದಾಗಿ ಊಹಿಸಿ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತವೆ. ಸ್ವಲ್ಪ ತಡವನ್ನು ಅದು ಚೆನ್ನಾಗಿಯೇ ಮುಚ್ಚುತ್ತದೆ, ಇಷ್ಟು ತಡವನ್ನು ಮುಚ್ಚಲು ಹೋದಾಗಲೇ ಪಾತ್ರಗಳು ಜಿಗಿಯುವುದು. ಸ್ಪೀಡ್ ಟೆಸ್ಟ್ ಈ ಕಾಯುವಿಕೆಯನ್ನು ಏಕೆ ತೋರಿಸಲಿಲ್ಲವೆಂದರೆ, ನಾನು ನೋಡುತ್ತಿದ್ದದ್ದು ಡೌನ್‌ಲೋಡ್ ಸಂಖ್ಯೆಯೊಂದನ್ನೇ.

ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರಿದೆ. ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಕಂಡು, 2010ರ ಹೊತ್ತಿನಿಂದ ಎಲ್ಲರ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಪರಿಹಾರ ಕೊಟ್ಟರು: ಸಾಲು ಎಷ್ಟು ಉದ್ದವಿದೆ ಎಂದು ನೋಡುವ ಬದಲು ಪ್ಯಾಕೆಟ್ ಅದರಲ್ಲಿ ಎಷ್ಟು ಹೊತ್ತು ನಿಂತಿತು ಎಂದು ನೋಡುವುದು, ಕಾಯುವಿಕೆ 5 ಮಿಲಿಸೆಕೆಂಡ್ ದಾಟಿ ಹಾಗೆಯೇ ಉಳಿದರೆ ಕೆಲವು ಪ್ಯಾಕೆಟ್‌ಗಳನ್ನು ಕೈಬಿಟ್ಟು ಕಳಿಸುವವರಿಗೆ ನಿಧಾನಿಸಲು ಸೂಚಿಸುವುದು. ಅದರ ಮುಂದಿನ ರೂಪಗಳಲ್ಲಿ ಒಂದಾದ ಕೇಕ್ 2018ರಲ್ಲಿ, ಹಲವು ರೌಟರ್‌ಗಳ ಒಳಗೂ ಓಡುವ ಲಿನಕ್ಸ್ ಎಂಬ ತಂತ್ರಾಂಶದ ತಿರುಳಾದ ಕರ್ನಲ್‌ನ 4.19ನೇ ಆವೃತ್ತಿಗೆ ಸೇರಿತು. ಫೋಟೊಗಳ ಹರಿವಿಗೊಂದು ಸಾಲು, ಆಟದ ಹರಿವಿಗೊಂದು ಸಾಲು ಮಾಡಿ, ಸರದಿಯಂತೆ ಎಲ್ಲಕ್ಕೂ ದಾರಿ ಬಿಡುವುದರಿಂದ ಸಣ್ಣ ಹರಿವು ದೊಡ್ಡದರ ಹಿಂದೆ ನಿಲ್ಲಬೇಕಾಗುವುದಿಲ್ಲ.

ಕಂಪನಿ ಕೊಟ್ಟ ರೌಟರಿನಲ್ಲಿ ಈ ಸೌಲಭ್ಯವೇ ಇರಲಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶ ಹಾಕಬಹುದಾದ ಒಂದು ಹಳೆಯ ರೌಟರನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡೆ; ಮೂರು ತಿಂಗಳು ವ್ಯರ್ಥವಾಗಿ ಕಟ್ಟಿದ ಹೆಚ್ಚುವರಿ ಹಣಕ್ಕಿಂತ ಅದು ಅಗ್ಗವಾಗಿತ್ತು. ಅದರಲ್ಲಿ ಈ ಸಾಲುಗಳನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಪುಟದಲ್ಲಿ ಕೇಕ್ ಆರಿಸಿ, ಡೌನ್‌ಲೋಡ್ 180, ಅಪ್‌ಲೋಡ್ 17 ಎಂದು ಮಿತಿ ಹಾಕಿದೆ. ನಿಜವಾದ ವೇಗಕ್ಕಿಂತ ಶೇಕಡ ಹತ್ತು ಹದಿನೈದು ಕಡಿಮೆ ಹಾಕುವುದಕ್ಕೆ ಕಾರಣವಿದೆ: ಹಾಗೆ ಮಾಡಿದಾಗಲೇ ಸಾಲು ಬೇರೆಯವರ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ರೌಟರಿನ ಹಿಡಿತಕ್ಕೆ ಬರುವುದು. ಹಣ ಕೊಟ್ಟ ವೇಗವನ್ನು ಕೈಯಾರೆ ಬಿಟ್ಟುಕೊಡುವಾಗ ಮನಸ್ಸು ಹಿಂಜರಿದದ್ದು ನಿಜ. ಅಂದು ರಾತ್ರಿ ಅಕ್ಕನ ಫೋನನ್ನು ನಾನೇ ಚಾರ್ಜಿಗೆ ಹಾಕಿ ಬಂದು ಕುಳಿತೆ. ಪಿಂಗ್ 18 ಇದ್ದದ್ದು 22ಕ್ಕೆ ಏರಿ ಅಲ್ಲೇ ನಿಂತಿತು. ಅತ್ತ ಫೋಟೊಗಳು ಹೋಗುತ್ತಲೇ ಇದ್ದವು, ಇತ್ತ ಎದುರಾಳಿಯ ಕೈ ಎತ್ತುವ ಮೊದಲ ಚಲನೆಯೂ ಸ್ಪಷ್ಟವಾಗಿ ಕಂಡಿತು, ತಡೆದೆ. ಅಂದು ಸೋತ ಪಂದ್ಯಗಳೂ ನನ್ನ ತಪ್ಪಿನಿಂದಲೇ ಸೋತವು. ಅದರಲ್ಲಿ ಸಿಕ್ಕ ನೆಮ್ಮದಿ ದೊಡ್ಡದು.

ಹೊಸ ರೌಟರಿನಿಂದ ಇನ್ನೊಂದು ತೊಡಕು ಬಂತು. ಫೈಬರ್ ಬಂದು ಸೇರುವ ಪೆಟ್ಟಿಗೆಯೂ ರೌಟರಿನ ಕೆಲಸ ಮಾಡುತ್ತಿದ್ದರಿಂದ ಮನೆಯ ಸಾಧನಗಳ ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಿಸುವ ನ್ಯಾಟ್ ಎಂಬ ಕೆಲಸ ಎರಡು ಬಾರಿ ನಡೆಯತೊಡಗಿ, ಕನ್ಸೋಲಿನ ಪರೀಕ್ಷೆಯಲ್ಲಿ ನ್ಯಾಟ್ ಟೈಪ್ 3, ಅಂದರೆ ಎಲ್ಲಕ್ಕಿಂತ ಬಿಗಿಯಾದದ್ದು, ಎಂದು ಬಂತು. ಹಲವು ಫೈಟಿಂಗ್ ಆಟಗಳು ಆಟಗಾರರ ಕನ್ಸೋಲ್‌ಗಳನ್ನೇ ನೇರವಾಗಿ ಜೋಡಿಸುತ್ತವೆ, ಹಾಗಾಗಿ ಟೈಪ್ 3 ಇದ್ದರೆ ಕೆಲವು ಎದುರಾಳಿಗಳ ಜೊತೆ ಜೋಡಿಯೇ ಆಗುವುದಿಲ್ಲ. ಪೆಟ್ಟಿಗೆ ರೌಟರಿನ ಕೆಲಸ ಬಿಟ್ಟು ಡೇಟಾವನ್ನು ಹಾಗೆಯೇ ದಾಟಿಸುವಂತೆ ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿದೆ. ಆಗಲೂ ಹೋಗಲಿಲ್ಲ. ರೌಟರಿಗೆ ಸಿಕ್ಕ ವಿಳಾಸ ನೋಡಿದರೆ 100.72 ಎಂದು ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಸೇವಾ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಇಂಟರ್ನೆಟ್ಟಿನ ಹಳೆಯ ಬಗೆಯ, ಅಂದರೆ ಐಪಿವಿ4, ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದದ್ದರಿಂದ ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವ ಏರ್ಪಾಡು ಇದು, ಹೆಸರು ಸಿಜಿನ್ಯಾಟ್. ಹೊರಗಿನ ಸಂಪರ್ಕ ಒಳಬರಲೆಂದು ಮನೆಯ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಇಲ್ಲಿ ಪ್ರಯೋಜನವಿಲ್ಲ. ಕಂಪನಿಗೆ ಕರೆ ಮಾಡಿ ಪಬ್ಲಿಕ್ ಐಪಿ, ಅಂದರೆ ಬೇರೆ ಮನೆಗಳೊಂದಿಗೆ ಹಂಚಿಕೊಳ್ಳದ ವಿಳಾಸ, ಬೇಕೆಂದು ನಿರ್ದಿಷ್ಟವಾಗಿ ಕೇಳಿದೆ. ಈ ಬಾರಿ ಅವರು ಎರಡೇ ದಿನದಲ್ಲಿ ಕೊಟ್ಟರು. ಕನ್ಸೋಲ್ ತನಗೆ ಬೇಕಾದ ಪೋರ್ಟನ್ನು ತಾನೇ ತೆರೆಸಿಕೊಳ್ಳುವ ಯುಪಿಎನ್‌ಪಿ ಸೌಲಭ್ಯವನ್ನು ರೌಟರಿನಲ್ಲಿ ಆನ್ ಮಾಡಿದ ಮೇಲೆ ಟೈಪ್ 2 ಬಂತು, ಅಷ್ಟು ಸಾಕು.

ಈಗ ದಿನವೂ ಒಂದು ಕ್ರಮವಿದೆ. ಊಟ ಮುಗಿಸಿ ಕನ್ಸೋಲನ್ನು ರೆಸ್ಟ್ ಮೋಡ್‌ನಿಂದ ಎಬ್ಬಿಸುತ್ತೇನೆ. ಕಿತ್ತಳೆ ಬಣ್ಣದ ದೀಪ ಬಿಳಿಯಾಗುತ್ತದೆ. ಅಪ್‌ಡೇಟ್ ಏನಾದರೂ ಇಳಿಯುತ್ತಿದೆಯೇ ಎಂದು ನೋಡಿ, ಇದ್ದರೆ ನಿಲ್ಲಿಸುತ್ತೇನೆ. ಇನ್ನು ಅದರ ಅಗತ್ಯವಿಲ್ಲ ಎಂದು ಗೊತ್ತಿದ್ದರೂ ಕೈ ಬಿಡಲೊಲ್ಲದು. ಅಭ್ಯಾಸದ ಅಂಗಳದಲ್ಲಿ ಐದು ನಿಮಿಷ ಒಂದೇ ತಡೆಯನ್ನು ಮತ್ತೆ ಮತ್ತೆ ಒತ್ತಿ ಬೆರಳು ಬೆಚ್ಚಗಾದ ಮೇಲೆ, ಮೊದಲ ಪಂದ್ಯದಲ್ಲಿ ಪರದೆಯ ಮೂಲೆಯ ಪಿಂಗ್ ಸಂಖ್ಯೆಯನ್ನು ಒಮ್ಮೆ ಓದುತ್ತೇನೆ. ಆಮೇಲೆ ಅತ್ತ ನೋಡುವುದಿಲ್ಲ.

ದೂರದ ದೇಶದ ಎದುರಾಳಿ ಸಿಕ್ಕರೆ ಈ ಯಾವುದೂ ನೆರವಿಗೆ ಬರುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. 6000 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ನೇರ ದಾರಿಯಿದ್ದರೂ 60 ಮಿಲಿಸೆಕೆಂಡ್ ಬೇಕೇ ಬೇಕು. ಅಂಥ ಪಂದ್ಯಗಳನ್ನು ನಾನು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಸೇವೆಗೆ ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ಫೈಬರ್ ಎರಡೂವರೆ ವರ್ಷದಲ್ಲಿ ಕೈಕೊಟ್ಟದ್ದು ಎರಡೇ ಬಾರಿ, ಅದಕ್ಕೆ ಪೂರ್ತಿ ಮೆಚ್ಚುಗೆಯಿದೆ. ಕಡಿತಗೊಂಡ ಒಂದೂವರೆ ಅಂಕ, ಅವರು ಕೊಟ್ಟ ರೌಟರಿಗೆ ಮತ್ತು ಆ ಮೂರು ತಿಂಗಳ ಸಲಹೆಗೆ. ಮುಂದಿನ ಬಾರಿ ನವೀಕರಿಸುವಾಗ 100 ಎಂಬಿಪಿಎಸ್ ಪ್ಲಾನಿಗೆ ಇಳಿಯಲಿದ್ದೇನೆ. ಅದರಲ್ಲಿಯೂ ಅಪ್‌ಲೋಡ್ 20 ಇದೆಯೆಂದು ಈ ಸಲ ಮೊದಲೇ ಕೇಳಿ ಬರೆಸಿಕೊಂಡಿದ್ದೇನೆ. ಎಸ್‌ಕ್ಯೂಎಂ ಪುಟದಲ್ಲಿ 180 ಇದ್ದದ್ದನ್ನು 90 ಮಾಡಿದರೆ ಕೆಲಸ ಮುಗಿಯಿತು.