ಮಾಂಟೆ ರೋಸಾ ಹಟ್: 2,883 ಮೀಟರ್ ಎತ್ತರದಲ್ಲಿ ಒಂದು ರಾತ್ರಿ

ಹಟ್ ಅಂದ ಕೂಡಲೇ ಗುಡಿಸಲು ಅಂದುಕೊಳ್ಳಬೇಡಿ. ಇದು ಆಲ್ಪ್ಸ್ ಪರ್ವತದಲ್ಲಿ ಚಾರಣಿಗರು ರಾತ್ರಿ ತಂಗುವ ಐದು ಅಂತಸ್ತಿನ ಕಟ್ಟಡ. ಮೈಗೆಲ್ಲ ಅಲ್ಯೂಮಿನಿಯಂ ಹೊದಿಕೆ, ಹರಳಿನ ಹಾಗೆ ಮೂಲೆ ಮೂಲೆ ಕತ್ತರಿಸಿದ ಆಕಾರ. ಸುತ್ತ ಬಂಡೆ, ಹಿಮನದಿ, ದೂರದಲ್ಲಿ ಮ್ಯಾಟರ್‌ಹಾರ್ನ್ ಶಿಖರ. ಆಗಸ್ಟ್‌ನಲ್ಲಿ ಅಕ್ಕನ ಜೊತೆ ಒಂದು ರಾತ್ರಿ ಇಲ್ಲಿ ಉಳಿದು ಬಂದೆ. ನಾನು ಉಳಿದ ಬೆಟ್ಟದ ಹಟ್‌ಗಳಲ್ಲಿ ಇಷ್ಟು ಯೋಚಿಸಿ ಕಟ್ಟಿದ್ದು ಇನ್ನೊಂದಿಲ್ಲ.

ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಿಂದ ಗೋರ್ನರ್‌ಗ್ರಾಟ್ ರೈಲು ಹತ್ತಿ ರೋಟನ್‌ಬೋಡನ್‌ನಲ್ಲಿ ಇಳಿಯಬೇಕು. ಅಲ್ಲಿಂದ ನಡಿಗೆ. ನಮಗೆ ಹತ್ತಿರ ಹತ್ತಿರ ಐದು ಗಂಟೆ ಹಿಡಿಯಿತು. ಹಿಮನದಿ ಕರಗುತ್ತಾ ಹೋದ ಹಾಗೆ ದಾರಿಯೂ ಬದಲಾಗುತ್ತಿರುತ್ತದೆ. ಹಳೆಯ ಮ್ಯಾಪ್ ನಂಬಿಕೊಂಡು ಹೊರಡಬೇಡಿ, ಈಗಿನ ದಾರಿ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ನಾವು ಗೈಡ್ ಇಟ್ಟುಕೊಂಡಿದ್ದೆವು, ಒಳ್ಳೆಯದೇ ಆಯಿತು.

ಒಳಗೆ ಕಾಲಿಟ್ಟರೆ ಹೊರಗಿನ ಲೋಹದ ನೆನಪೇ ಉಳಿಯುವುದಿಲ್ಲ. ಎಲ್ಲಾ ಕಡೆ ಮರ. ಬೂಟು ಬಾಗಿಲ ಹತ್ತಿರವೇ ಬಿಟ್ಟು ಮೇಲೆ ಹತ್ತಿದೆವು. ಮೆಟ್ಟಿಲು ಕಟ್ಟಡದ ನಡುವೆ ಇಲ್ಲ, ಹೊರಗೋಡೆಗೆ ಅಂಟಿಕೊಂಡು ಸುತ್ತುತ್ತಾ ಏರುತ್ತದೆ. ಪಕ್ಕದಲ್ಲೇ ಉದ್ದಕ್ಕೂ ಗಾಜಿನ ಪಟ್ಟಿ. ಸಂಜೆ ನಾಲ್ಕರ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಅಕ್ಕ ಬರಿಗಾಲಲ್ಲಿ ನಿಂತು, "ಎಷ್ಟು ಬೆಚ್ಚಗಿದೆ ನೋಡೋ, ಹೀಟರ್ ಎಲ್ಲಿಟ್ಟಿದ್ದಾರೆ?" ಅಂತ ಗೋಡೆ ತಡಕಿದಳು. ಹೀಟರ್ ಅಲ್ಲ, ಬಿಸಿಲು. ಸೂರ್ಯ ತಿರುಗುವ ದಾರಿಗೆ ಹೊಂದುವ ಹಾಗೆ ಆ ಗಾಜು ಸುತ್ತಿಕೊಂಡಿದೆ. ಅಲ್ಲಿ ಕಾದ ಗಾಳಿ ಕಟ್ಟಡದ ಉಳಿದ ಭಾಗಕ್ಕೆ ಹರಡುತ್ತದೆ. ಮೆಟ್ಟಿಲು ಹೇಗೂ ಬೇಕು. ಅದನ್ನೇ ಒಲೆ ಮಾಡಿಕೊಂಡಿದ್ದಾರೆ, ಅಲ್ವಾ?

ಬೆಟ್ಟದ ಮೇಲೆ ಹೀಗೆ ಬೆಚ್ಚಗಿರುವುದರ ಬೆಲೆ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷದ ಹಿಂದೆ ಬೇರೊಂದು ಬೆಟ್ಟದ ಹಟ್‌ನಲ್ಲಿ ಮಲಗಿದ್ದೆ. ಮೂವತ್ತು ಜನ ಒಂದೇ ಕೋಣೆಯಲ್ಲಿ. ಚಳಿಗೆ ಹೆದರಿ ಕಿಟಕಿ ಮುಚ್ಚಿದ್ದೆವು. ಮಧ್ಯರಾತ್ರಿ ಮುಖದ ಮೇಲೆ ತಣ್ಣಗೆ ಹನಿ ಬಿತ್ತು. ಮಳೆ ಸೋರುತ್ತಿದೆ ಅಂದುಕೊಂಡೆ. ಅದು ನಮ್ಮದೇ ಉಸಿರು! ಬಿಸಿ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಕಂಬಳಿ ಒದ್ದೆ, ಸಾಕ್ಸ್ ಒದ್ದೆ. ಸಾಲದ್ದಕ್ಕೆ ಜನರೇಟರ್ ರಾತ್ರಿಯಿಡೀ ಬಡಿದುಕೊಳ್ಳುತ್ತಿತ್ತು. ಅಂಥ ಎತ್ತರದಲ್ಲಿ ಒದ್ದೆ ಸಾಕ್ಸ್ ಅಂದರೆ ಬರೀ ಕಿರಿಕಿರಿಯಲ್ಲ, ಅಪಾಯ.

ಮಾಂಟೆ ರೋಸಾದಲ್ಲಿ ಹೊರಗೆ ಹೋಗುವ ಬೆಚ್ಚನೆಯ ಗಾಳಿಯ ಶಾಖವನ್ನು ಒಳಗೆ ಬರುವ ತಾಜಾ ಗಾಳಿಗೆ ದಾಟಿಸುವ ವ್ಯವಸ್ಥೆ ಇದೆ. ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ. ಇಲ್ಲಿ 120 ಜನಕ್ಕೆ ಜಾಗ. ಎಲ್ಲರೂ ಊಟಕ್ಕೆ ಕೂತರೆ 12 ಕಿಲೊವ್ಯಾಟ್ ಆಯಿತು. ಅದನ್ನು ಕಿಟಕಿಯಿಂದ ಆಚೆ ಬಿಡುವುದು ದಡ್ಡತನ. ರಾತ್ರಿ ಗಾಳಿ ಜೋರಾಗಿತ್ತು. ಆದರೂ ತೆಳು ಹೊದಿಕೆಯಲ್ಲೇ ನಿದ್ದೆ ಬಂತು. ಗಾಜು ಮುಟ್ಟಿ ನೋಡಿದೆ, ಒಂದು ಹನಿ ತೇವ ಇರಲಿಲ್ಲ.

ನೀರಿನ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಸುತ್ತ ಹಿಮ ಇದ್ದರೂ ನೀರಿಗೆ ಬರ. ಒಂದು ಕಿಲೊ ಮಂಜುಗಡ್ಡೆ ಕರಗಿಸಲು ಬೇಕಾದ ಶಾಖದಲ್ಲಿ, ಅಷ್ಟೇ ತಣ್ಣೀರನ್ನು ಸೊನ್ನೆಯಿಂದ ಹತ್ತಿರ ಹತ್ತಿರ 80 ಡಿಗ್ರಿವರೆಗೆ ಕಾಯಿಸಬಹುದು. ಅಂದರೆ ಗಡ್ಡೆ ಕರಗಿಸಿಕೊಂಡು ಕೂತರೆ ಕರೆಂಟೆಲ್ಲ ಅದಕ್ಕೇ ಮುಗಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಾನಾಗೇ ಕರಗಿ ಹರಿಯುವ ನೀರನ್ನು ಹಿಡಿದಿಡುತ್ತಾರೆ. ಹಟ್‌ಗಿಂತ ಸುಮಾರು 40 ಮೀಟರ್ ಮೇಲೆ ಬಂಡೆ ಕೊರೆದು ಮಾಡಿದ ತೊಟ್ಟಿ ಇದೆ, ಎರಡು ಲಕ್ಷ ಲೀಟರ್ ಹಿಡಿಯುತ್ತದೆ. ಎತ್ತರದಲ್ಲಿ ಇರುವುದರಿಂದ ನೀರು ಇಳಿಜಾರಿನಲ್ಲೇ ಕೆಳಗೆ ಬರುತ್ತದೆ. ಬಳಸಿದ ನೀರನ್ನೂ ಬಿಸಾಡುವುದಿಲ್ಲ. ಬ್ಯಾಕ್ಟೀರಿಯಾ ಮತ್ತು ಫಿಲ್ಟರ್‌ನಿಂದ ಶುದ್ಧ ಮಾಡಿ ಟಾಯ್ಲೆಟ್ ಫ್ಲಶ್‌ಗೆ ಮತ್ತೆ ಕೊಡುತ್ತಾರೆ. ಇದು ತಿಳಿದ ಮೇಲೆ ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡು ನಿಲ್ಲಲು ಮನಸ್ಸು ಬರಲಿಲ್ಲ.

ಕರೆಂಟ್ ಮುಖ್ಯವಾಗಿ ದಕ್ಷಿಣದ ಗೋಡೆಯ ಸೋಲಾರ್ ಫಲಕಗಳಿಂದ. ಗೋಡೆಗೇ ಹಾಕಿರುವುದರಿಂದ ಹಿಮ ನಿಲ್ಲದೆ ಜಾರಿ ಬೀಳುತ್ತದೆ, ಕೆಳಗಿನ ಹಿಮದಿಂದ ಪ್ರತಿಫಲಿಸಿದ ಬೆಳಕೂ ಸಿಗುತ್ತದೆ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಕೂತಿದೆ. ಇಲ್ಲಿಗೆ ರಸ್ತೆ ಇಲ್ಲ. ಕಟ್ಟುವಾಗ ಸಾಮಾನು ತರಲು ಹೆಲಿಕಾಪ್ಟರ್ ಸುಮಾರು 3,000 ಸಲ ಹಾರಿತ್ತು. ಅಷ್ಟು ಇಂಧನ ಸುಟ್ಟು ಕಟ್ಟಿದ್ದನ್ನು ಪರಿಸರಸ್ನೇಹಿ ಅನ್ನಬಹುದಾ? ನಾನು ಹೌದು ಅನ್ನುತ್ತೇನೆ, ಆದರೆ ಒಂದು ಷರತ್ತಿನ ಮೇಲೆ: ಕಟ್ಟಡ ಬಹಳ ಕಾಲ ಬಾಳಬೇಕು. ಆ ಹಾರಾಟ ಕಡಿಮೆ ಮಾಡಲೆಂದೇ ಹಗುರವಾದ ಮರ ಆರಿಸಿ, ಕಂಪ್ಯೂಟರ್ ಲೆಕ್ಕದಲ್ಲಿ ಕೆಳಗೇ ಕತ್ತರಿಸಿ, ಮೇಲೆ ತಂದು ಜೋಡಿಸಿದ್ದಾರೆ. ಊಟದ ಕೋಣೆಯಲ್ಲಿ ಎರಡು ತೊಲೆ ಕೂಡುವ ಜಾಗಕ್ಕೆ ಉಗುರು ತೂರಿಸಲು ನೋಡಿದೆ. ಹೋಗಲಿಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ತನ್ನ 150ನೇ ವರ್ಷದ ನೆನಪಿಗೆ ಸ್ವಿಸ್ ಆಲ್ಪೈನ್ ಕ್ಲಬ್ ಜೊತೆ ಸೇರಿ ಕೈಗೆತ್ತಿಕೊಂಡ ಕೆಲಸ ಇದು, 2009ರಲ್ಲಿ ಉದ್ಘಾಟನೆಯಾಯಿತು. ಇಷ್ಟು ವರ್ಷದ ಗಾಳಿ, ಹಿಮ ತಿಂದ ಮೇಲೂ ಆ ಸಂದು ಬಿಟ್ಟಿಲ್ಲ ಅಂದರೆ ನನಗೆ ನಂಬಿಕೆ ಬರುತ್ತದೆ.

ಹೋಗುವವರು ಮೊದಲೇ ಬುಕ್ ಮಾಡಿ. ಮಲಗಲು ತೆಳು ಸ್ಲೀಪಿಂಗ್ ಬ್ಯಾಗ್ ಲೈನರ್, ಅಂದರೆ ಒಳಗೆ ತೂರಿಕೊಂಡು ಮಲಗುವ ಬಟ್ಟೆಯ ಚೀಲ, ನೀವೇ ಒಯ್ಯಬೇಕು. ಬಂಕ್ ಕೋಣೆಯಲ್ಲಿ ಯಾರಾದರೂ ಗೊರಕೆ ಹೊಡೆದೇ ಹೊಡೆಯುತ್ತಾರೆ, ಕಿವಿಗೆ ಹತ್ತಿ ಇರಲಿ. ನಿಮ್ಮ ಕಸ ನೀವೇ ವಾಪಸ್ ತರಬೇಕು. ನಮ್ಮ ಬಿಸ್ಕೆಟ್ ಕವರ್, ಟಿಶ್ಯೂ ಎಲ್ಲಾ ಅಕ್ಕನ ಬ್ಯಾಗಿನ ಪಕ್ಕದ ಜೇಬಿನಲ್ಲಿ ರೋಟನ್‌ಬೋಡನ್ ತನಕ ಬಂದವು.