ಫೈಲ್ ಹೋಗ್ತಿಲ್ಲ ಅಂತ ಸಿಕ್ಕ ಆಪ್ ಹಾಕ್ಕೋಬೇಡಿ, ನನಗೆ ಆದದ್ದು ಕೇಳಿ

ಮುಂಬೈಯ ಮಾಟುಂಗಾದಲ್ಲಿ ಮಗನ ಉಪನಯನ ಮುಗಿದ ಮರುದಿನದ ಮಾತು. ಕುಂದಾಪುರದಿಂದ ಬಂದಿದ್ದ ಭಾವ ಮಧ್ಯಾಹ್ನದ ಮತ್ಸ್ಯಗಂಧ ರೈಲಿನಲ್ಲಿ ಹೊರಟಿದ್ದರು. ಬಿಡಲು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ನಾನೂ ಹೋಗಿದ್ದೆ. ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ ನೆನಪಾಯಿತು: ಮಾತೃಭೋಜನದ ವಿಡಿಯೊ ಇರುವುದು ಭಾವನ ಫೋನಿನಲ್ಲಿ ಮಾತ್ರ. ದುಡ್ಡು ಕೊಟ್ಟು ಕರೆಸಿದ್ದ ಫೋಟೊಗ್ರಾಫರ್ ಆಗ ಇಡ್ಲಿ ತಿನ್ನುತ್ತಿದ್ದ.

ಸುಮಾರು ಒಂದೂವರೆ ಜಿಬಿ ಫೈಲು. ಇಬ್ಬರದ್ದೂ ಆಂಡ್ರಾಯ್ಡ್. ಪಕ್ಕದ ಫೋನಿಗೆ ನೇರ ಫೈಲ್ ಕಳಿಸುವ ಕ್ವಿಕ್ ಶೇರ್ ಅನ್ನು ಭಾವ ಒತ್ತಿದರು. ನಾನು ನನ್ನ ಫೋನಿನಲ್ಲಿ ನಿಯರ್‌ಬೈ ಶೇರ್ ಹುಡುಕುತ್ತಾ ಕೂತೆ. 2024ರಲ್ಲೇ ಅದರ ಹೆಸರು ಕ್ವಿಕ್ ಶೇರ್ ಅಂತ ಬದಲಾಗಿದೆ, ನನಗೆ ಗೊತ್ತೇ ಇರಲಿಲ್ಲ. ಕೊನೆಗೂ ಸಿಕ್ಕಿತು. ನನ್ನ ಹೆಸರು ಅವರ ಪರದೆ ಮೇಲೆ ಬಂತು, ಒತ್ತಿದರು, "ಕನೆಕ್ಟಿಂಗ್" ಅಂತ ಸುತ್ತಿ ಸುತ್ತಿ ನಿಂತಿತು. ಮೂರು ಸಲ ಹಾಗೇ. ಹಳೇ ಬ್ಲೂಟೂತ್‌ನಲ್ಲಿ ಕಳಿಸೋಣ ಅಂದರೆ ಅಷ್ಟು ದೊಡ್ಡ ಫೈಲಿಗೆ ಒಂದೂವರೆ ಗಂಟೆಯಾದರೂ ಬೇಕು. ರೈಲು ಹೊರಡಲು ಇಪ್ಪತ್ತೇ ನಿಮಿಷ.

ಆಗ ನನಗೆ ಬುದ್ಧಿ ಕೆಟ್ಟಿತು. ಹಿಂದೆ ಎಲ್ಲರ ಫೋನಿನಲ್ಲೂ ಇದ್ದ ಒಂದು ಶೇರಿಂಗ್ ಆಪ್ ನೆನಪಾಯಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಒಂದು. ಪ್ಲೇ ಸ್ಟೋರ್‌ನಲ್ಲಿ ಸಿಗಲಿಲ್ಲ. ಹುಡುಕಿದಾಗ ಯಾವುದೋ ಸೈಟ್ ಅದೇ ಹೆಸರಿನ, ಅದೇ ಬಣ್ಣದ ಎಪಿಕೆ ಫೈಲ್ (ಆಂಡ್ರಾಯ್ಡ್ ಆಪ್ ಹಾಕಿಕೊಳ್ಳುವ ಫೈಲ್) ತೋರಿಸಿತು. ಇಳಿಸಿದೆ. ಇದು ಅಪಾಯಕಾರಿ ಆಪ್ ಇರಬಹುದು ಅಂತ ಆಪ್‌ಗಳನ್ನು ತಪಾಸಣೆ ಮಾಡುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಎಚ್ಚರಿಸಿತು. ಇರಲಿ ಬಿಡು ಅಂತ ಒತ್ತಿದೆ. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಕೊಟ್ಟೆ. ಆಕ್ಸೆಸಿಬಿಲಿಟಿ ಆನ್ ಮಾಡಿ ಅಂದಿತು, ಅದನ್ನೂ ಮಾಡಿದೆ. ವಿಡಿಯೊ ಕಳಿಸೋ ಆಪ್‌ಗೆ ನನ್ನ ಎಸ್ಸೆಮ್ಮೆಸ್ ಯಾಕೆ ಬೇಕು? ಈಗ ಕೇಳುತ್ತಿದ್ದೇನೆ! ಆಕ್ಸೆಸಿಬಿಲಿಟಿ ಅನ್ನುವುದು ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಆಪ್‌ಗಳಿಗೆ ಇರುವ ಸೌಲಭ್ಯ. ಅದು ಸಿಕ್ಕರೆ ಆಪ್ ನಮ್ಮ ಪರದೆ ನೋಡಬಹುದು, ನಮ್ಮ ಬದಲು ಬಟನ್ ಕೂಡ ಒತ್ತಬಹುದು.

ಇಷ್ಟಾಗಿಯೂ ವಿಡಿಯೊ ಬರಲಿಲ್ಲ. ರೈಲು ಹೋಯಿತು.

ರಾತ್ರಿ ಫೋನ್ ಇಸ್ತ್ರಿ ಪೆಟ್ಟಿಗೆ ಥರ ಬಿಸಿ. ಬೆಳಿಗ್ಗೆ ನೋಡಿದರೆ ಖಾತೆಯಿಂದ 4,999 ರೂಪಾಯಿ ಎರಡು ಸಲ ಹೋಗಿದೆ. ಓಟಿಪಿ ಮೆಸೇಜುಗಳು ಬಂದಿವೆ, ಯಾರೋ ಆಗಲೇ ಓದಿದ ಹಾಗೆ ಗುರುತಾಗಿವೆ. ನಾನು ಮಲಗಿದ್ದೆ. ಮೊದಲು ಡೇಟಾ ಬಂದ್ ಮಾಡಿದೆ, ಹೆಂಡತಿಯ ಫೋನಿನಿಂದ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ, ಆಮೇಲೆ ಬ್ಯಾಂಕಿಗೆ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಪಾಸ್‌ವರ್ಡ್ ಎಲ್ಲ ಬೇರೆ ಫೋನಿನಲ್ಲಿ ಬದಲಾಯಿಸಿದೆ. ದುಡ್ಡು ಇನ್ನೂ ಬಂದಿಲ್ಲ. ನಿಮಗೆ ಹೀಗಾದರೆ ಸಂಜೆ ನೋಡೋಣ ಅನ್ನಬೇಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಹೊಟ್ಟೆ ಉರಿಯುವ ವಿಷಯ ಇನ್ನೂ ಇದೆ. ಊರು ಮುಟ್ಟಿದ ಮೇಲೆ ಭಾವ ಫೋನ್ ಮಾಡಿದರು. "ಹಾಟ್‌ಸ್ಪಾಟ್ ಆನ್ ಇತ್ತು ಮಾರಾಯಾ. ನಿನ್ನೆಯಿಂದ ಆಫ್ ಮಾಡ್ಲೇ ಇಲ್ಲ ನಾನು!" ಹಾಲ್‌ನಲ್ಲಿ ಮಕ್ಕಳಿಗೆ ನೆಟ್ ಕೊಟ್ಟದ್ದು ಹಾಗೇ ಉಳಿದಿತ್ತು. ಈ ಕ್ವಿಕ್ ಶೇರ್‌ನಲ್ಲಿ ಬ್ಲೂಟೂತ್ ಪಕ್ಕದ ಫೋನ್ ಹುಡುಕಿ ಕೊಡುತ್ತದೆ, ದೊಡ್ಡ ಫೈಲ್ ಹೊರುವುದು ವೈಫೈ. ಆ ವೈಫೈ ಹಾಟ್‌ಸ್ಪಾಟ್ ಕೆಲಸದಲ್ಲಿತ್ತು. ಅದಕ್ಕೇ ನನ್ನ ಹೆಸರು ಕಾಣುತ್ತಿತ್ತು, ಫೈಲ್ ಮಾತ್ರ ಹೊರಡುತ್ತಿರಲಿಲ್ಲ. ಹಾಟ್‌ಸ್ಪಾಟ್ ಆಫ್ ಮಾಡಿ ವೈಫೈ, ಬ್ಲೂಟೂತ್, ಲೊಕೇಶನ್ ಮೂರನ್ನೂ ಆನ್ ಇಟ್ಟಿದ್ದರೆ ಕೆಲಸ ಆಗುತ್ತಿತ್ತೋ ಏನೋ. ಬ್ಯಾಟರಿ ಸೇವರ್, ವಿಪಿಎನ್ ಇದ್ದರೆ ಅವನ್ನೂ ತೆಗೆದು ನೋಡಿ. ಐಫೋನ್‌ನವರೂ ಕೇಳಿ, ಏರ್‌ಡ್ರಾಪ್ ಮಾಡುವಾಗ ಪರ್ಸನಲ್ ಹಾಟ್‌ಸ್ಪಾಟ್ ಆಫ್ ಇರಬೇಕು.

ಇನ್ನೊಂದು. ಆ ಗಡಿಬಿಡಿಯಲ್ಲಿ ಕ್ವಿಕ್ ಶೇರ್‌ನಲ್ಲಿ ಯಾರು ಬೇಕಾದರೂ ಕಳಿಸಬಹುದು ಅಂತ ಸೆಟ್ಟಿಂಗ್ ಬದಲಿಸಿದ್ದೆ, ವಾಪಸ್ ಮಾಡಿರಲಿಲ್ಲ. ಅಂದೇ ಡೊಂಬಿವ್ಲಿ ಲೋಕಲ್ ರೈಲಿನಲ್ಲಿ ಗುರುತಿಲ್ಲದ ಫೋನಿನಿಂದ ಫೈಲ್ ಬಂತು, ತಗೋತೀರಾ ಅಂತ ಕೇಳಿತು. ಬೇಡ ಅಂದೆ. ಅಷ್ಟರ ಮಟ್ಟಿಗಾದರೂ ಬುದ್ಧಿ ಉಳಿದಿತ್ತು. ಎಲ್ಲರಿಗೂ ಹತ್ತು ನಿಮಿಷ ಮಾತ್ರ ತೆರೆದಿಡುವ ಆಯ್ಕೆ ಇದ್ದರೆ ನೀವು ಅದನ್ನೇ ಇಟ್ಟುಕೊಳ್ಳಿ.

ವಿಡಿಯೊ? ಭಾವ ಪೆನ್‌ಡ್ರೈವ್‌ಗೆ ಹಾಕಿ, ಹಲಸಿನ ಹಪ್ಪಳದ ಕಟ್ಟಿನ ನಡುವೆ ಇಟ್ಟು, ಮುಂಬೈಗೆ ಬರುವವರ ಕೈಲಿ ಕಳಿಸಿಕೊಟ್ಟರು. ಹಪ್ಪಳ ನಾಲ್ಕು ಮುರಿದಿದ್ದವು.