ತೇಗದ ಕಬೋರ್ಡ್ ಮಾಡಿಸ್ತಿದ್ದೀರಾ? ಪಾಲಿಶ್ ಹಚ್ಚುವ ಮುಂಚೆ ಮರ ನೋಡಿ

ಅಡುಗೆಮನೆಗೆ ಕೈಗೆಲಸದ ತೇಗದ ಕಬೋರ್ಡ್ ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಶಿವಮೊಗ್ಗದ ನಮ್ಮ ಮನೆಗೆ ಕಳೆದ ಮಳೆಗಾಲದಲ್ಲಿ ಮಾಡಿಸಿದ್ದು. ಬೇಸಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಬಾಗಿಲು ಹಾಳಾಗಿವೆ. ಮಾಡಿದವರ ಹೆಸರು ಇಲ್ಲಿ ಹಾಕಲ್ಲ, ಜಗಳ ಇನ್ನೂ ಮುಗಿದಿಲ್ಲ.

ಬಾಗಿಲು, ಡ್ರಾಯರ್ ಮುಖ ಎಲ್ಲ ಗಟ್ಟಿ ತೇಗ, ಒಳಗಿನ ಪೆಟ್ಟಿಗೆಗಳಿಗೆ ನೀರು ತಡೆಯುವ ಐಎಸ್ 710 ದರ್ಜೆಯ ಪ್ಲೈವುಡ್ ಅಂತ ಮಾತಾಗಿತ್ತು. ಮನೆಗೆ ಬಂದಾಗ ನೋಡೋಕೆ ಚೆನ್ನಾಗಿಯೇ ಇತ್ತು. ಒಂದೇ ಸಮ ಕಂದು ಬಣ್ಣ, ಕನ್ನಡಿಯಂಥ ಹೊಳಪು.

ಫೆಬ್ರವರಿಯಲ್ಲಿ ಒಂದು ರಾತ್ರಿ ಅಡುಗೆಮನೆಯಿಂದ ಟಪ್ ಅಂತ ಸದ್ದು ಬಂತು. ಹೋಗಿ ನೋಡಿದರೆ ಎತ್ತರದ ಬಾಗಿಲಿನ ನಡುವಿನ ಹಲಗೆ ಮೇಲಿಂದ ಕೆಳಗಿನವರೆಗೂ ಸೀಳಿತ್ತು. ಆಮೇಲೆ ಒಂದೊಂದಾಗಿ ಬೇರೆ ಬಾಗಿಲುಗಳೂ ಬಿರುಕು ಬಿಟ್ಟವು. ಅಷ್ಟರಲ್ಲಿ ಕೆಳಗಿನ ಸ್ಟೀಲ್ ಡಬ್ಬಗಳ ಮೇಲೆ ದಿನಾ ಸಣ್ಣ ಪುಡಿ ಬೀಳತೊಡಗಿತು. ಅತ್ತೆ ಮೈದಾ ಚೆಲ್ಲಿದೆ ಅಂದುಕೊಂಡು ಒರೆಸುತ್ತಿದ್ದರು. ಬೆರಳಲ್ಲಿ ಉಜ್ಜಿದರೆ ಪೌಡರ್‌ನಷ್ಟು ನುಣ್ಣಗೆ. ತಲೆ ಎತ್ತಿ ನೋಡಿದರೆ ಬಾಗಿಲಿನ ಒಳಮೈಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು. ಕುಟ್ಟೆ ಹುಳ!

ಸಾಗರದ ಕಡೆಯ ಹಿರಿಯ ಆಚಾರ್ರೊಬ್ಬರನ್ನು ಕರೆಸಿದೆವು. ಅವರು ಮಾತಾಡದೆ ಒಂದು ಬಾಗಿಲಿನ ಹಿಂಜ್ ಬಿಚ್ಚಿ, ಅದರ ಕೆಳಗಿನ ಜಾಗವನ್ನು ಉಳಿಯಿಂದ ಸ್ವಲ್ಪ ಕೆರೆದರು. ಕಂದು ಬಣ್ಣದ ಅಡಿಯಲ್ಲಿ ತೆಳು ಹಳದಿ ಮರ ಕಾಣಿಸಿತು. "ಮರ ತೇಗವೇ ಅಮ್ಮ, ಆದ್ರೆ ಇದು ಒಳಗಿನ ಗಟ್ಟಿ ಕೆಚ್ಚಲ್ಲ, ಹೊರಗಿನ ಬಿಳಿ ಭಾಗ. ಬಣ್ಣ ಹೊಡೆದು ಮುಚ್ಚಿದ್ದಾರೆ" ಅಂದರು.

ತೇಗಕ್ಕೆ ಹುಳ ಬರಲ್ಲ ಅಂತ ಎಲ್ಲರೂ ಹೇಳ್ತಾರಲ್ವಾ? ಆ ಮಾತು ಕೆಚ್ಚಿಗೆ ಮಾತ್ರ. ಎಣ್ಣೆಯಂಶ ಇರುವುದು, ಬಾಳಿಕೆ ಬರುವುದು ಅದೇ. ಬಿಳಿ ಭಾಗದಲ್ಲಿ ಪಿಷ್ಟ ಇರುತ್ತೆ, ಕುಟ್ಟೆಗೆ ಬೇಕಾದದ್ದೂ ಅದೇ. ಎಳೆ ಮರದಲ್ಲಿ ಈ ಬಿಳಿ ಭಾಗ ಜಾಸ್ತಿ.

ಸೀಳಿದ್ದಕ್ಕೆ ಕಾರಣ ಬೇರೆ. ಹಸಿ ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಹಾಗೇ ಇರುತ್ತೆ, ಅಗಲಕ್ಕೆ ಕುಗ್ಗುತ್ತೆ. ಅದಕ್ಕೇ ಒಳ್ಳೆ ಕೆಲಸಗಾರರು ನಡುವಿನ ಹಲಗೆಯನ್ನು ಚೌಕಟ್ಟಿನ ಗ್ರೂವ್‌ನಲ್ಲಿ ಸಡಿಲವಾಗಿ ಕೂರಿಸ್ತಾರೆ, ಅಂಟು ಹಾಕಲ್ಲ. ಒಣಗಿದ ಮರವಾದರೂ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗೋಕೆ ಜಾಗ ಬೇಕು. ನಮ್ಮಲ್ಲಿ ಮರವೂ ಹಸಿ, ಸುತ್ತಲೂ ಅಂಟು ಬೇರೆ. ಕುಗ್ಗೋಕೆ ಜಾಗ ಇಲ್ಲದೆ ನಡುವಿಗೆ ಹರಿದಿದೆ. ಇದು ಗೊತ್ತಿಲ್ಲದೆ ಆಗುವ ತಪ್ಪಲ್ಲ. ಮರ ಒಣಗಿಸೋಕೆ ತಿಂಗಳುಗಟ್ಟಲೆ ಕಾಯಬೇಕು, ಆ ಕಾಯುವಿಕೆಗೂ ಸೇರಿಸಿಯೇ ನಮ್ಮ ಹತ್ತಿರ ದುಡ್ಡು ತಗೊಂಡಿದ್ದರು. ನನಗೆ ಸಿಟ್ಟು ಬರೋದು ಅದಕ್ಕೇ.

ಆದ್ದರಿಂದ ಬಾಗಿಲುಗಳು ಬರೀ ಮರವಾಗಿರುವಾಗಲೇ ವರ್ಕ್‌ಶಾಪ್‌ಗೆ ಹೋಗಿ. ಪ್ರತಿ ಹಲಗೆಯ ಎರಡೂ ಮುಖ ನೋಡಿ, ಅಂಚು ನೋಡಿ. ಕಂದು ಹಲಗೆಯ ಪಕ್ಕದಲ್ಲಿ ತೆಳು ಪಟ್ಟೆ ಕಂಡರೆ ಅದನ್ನು ತೆಗೆಸಿ. ತೇವಾಂಶ ನೋಡುವ ಮೀಟರ್ ಇಟ್ಟು ತೋರಿಸಿ ಅಂತ ಕೇಳಿ, ಸುಮಾರು 12 ಶೇಕಡಾ ಅಥವಾ ಕಡಿಮೆ ಇರಲಿ. ನೋಡೋಕೆ ಬಿಡದವರ ಹತ್ತಿರ ಕೆಲಸ ಕೊಡಬೇಡಿ. ಪಾಲಿಶ್ ಆದಮೇಲೆ ಏನೂ ಗೊತ್ತಾಗಲ್ಲ.

ಪ್ಲೈವುಡ್‌ನಲ್ಲೂ ಮೋಸ ಆಗಿತ್ತು. ಸಿಂಕ್ ಕೆಳಗಿನ ಹಲಗೆ ಉಬ್ಬಿ ಪದರ ಬಿಟ್ಟಿದೆ. ಐಎಸ್ 710 ಅಂದ್ರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಕತ್ತರಿಸಿದ ಚೂರು ಕೇಳಿ ತಗೊಂಡು ಮನೆಯಲ್ಲಿ ಕೆಲವು ಗಂಟೆ ಕುದಿಸಿ ನೋಡಿ. ಕಡಿಮೆ ದರ್ಜೆಯದಾದರೆ ಅಷ್ಟರಲ್ಲೇ ಬಾಯಿ ಬಿಡೋದು ಜಾಸ್ತಿ.

ಇನ್ನೊಂದು ವಿಷಯ, ಬಿಲ್. ನಮ್ಮ ಬಿಲ್‌ನಲ್ಲಿ ಬರೀ "ಮರಗೆಲಸ" ಅಂತ ಬರೆದಿದ್ದಾರೆ. ಈಗ ಅದನ್ನೇ ಹಿಡಿದು, ಬರೀ ಕೆಚ್ಚೇ ಹಾಕ್ತೀವಿ ಅಂತ ಹೇಳಿಯೇ ಇರಲಿಲ್ಲ ಅಂತಿದ್ದಾರೆ. "ತೇಗದ ಕೆಚ್ಚು, ಬಿಳಿ ಭಾಗ ಇಲ್ಲ, ಒಣಗಿಸಿದ್ದು, ಪ್ಲೈ ಐಎಸ್ 710" ಅಂತ ಅಡ್ವಾನ್ಸ್ ಕೊಡುವ ದಿನವೇ ಬರೆಸಿ ಸಹಿ ಹಾಕಿಸಿ. ಈಗಾಗಲೇ ಮೋಸ ಹೋಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಹಾಳಾದ ಬಾಗಿಲನ್ನು ಬಿಸಾಡಬೇಡಿ, ಬಿದ್ದ ಪುಡಿಯನ್ನೂ ಒಂದು ಕವರಿನಲ್ಲಿ ಹಾಕಿಡಿ.